ಬಿಟ್ಟು ಹೊರಡುವ ಸ್ವಾತಂತ್ರ್ಯ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಕಂಚಿನ ತಾಳ ಹಿಡಿದ ಕಂಸಾಳೆಯವರು ಹಾಡುವ ಮಲೆಯ ಮಾದೇಶ್ವರನ ಕಾವ್ಯದಲ್ಲಿ, ಉತ್ತರ ದೇಶದಿಂದ ಬಂದ ಮಾದಪ್ಪ ಸುತ್ತೂರು ಮಠದಲ್ಲಿ ರಾಗಿ ಬೀಸುವ ಕೆಲಸಕ್ಕೆ ನಿಲ್ಲುತ್ತಾನೆ. ಮುಂದೆ ಕುಂತೂರು ಮಠಕ್ಕೂ, ಕೊನೆಗೆ ಎಪ್ಪತ್ತೇಳು ಮಲೆಗೂ ತನ್ನಿಚ್ಛೆಯಿಂದಲೇ ನಡೆಯುತ್ತಾನೆ. ಪರಸ್ಥಳದವನ ದುಡಿಮೆಯನ್ನು ಪಡೆದವರಿಗೆ ಅವನ ದಾರಿಯ ಮೇಲೂ ಅಧಿಕಾರವುಂಟೇ ಎಂಬ ಪ್ರಶ್ನೆ ಇಲ್ಲಿದ್ದು, ಕನ್ನಡದ ಅನೇಕ ಮನೆಗಳನ್ನು ತಟ್ಟಿರುವ ಎಚ್‌-1ಬಿ ವೀಸಾದ ಸಂದರ್ಭದಲ್ಲಿ ಅದು ಮತ್ತೆ ತೀವ್ರವಾಗುತ್ತದೆ.

ಅಮೆರಿಕದ 1990ರ ವಲಸೆ ಕಾಯ್ದೆಯಿಂದ ರೂಪುಗೊಂಡ ಈ ವೀಸಾ ವಿಶೇಷ ಪರಿಣತಿ ಬೇಡುವ ಹುದ್ದೆಗಳಿಗೆ ಮೀಸಲು. ಅರ್ಜಿ ಸಲ್ಲಿಸುವವನು ನೌಕರನಲ್ಲ, ಮಾಲೀಕ. ಬೇರೊಂದು ಕಂಪನಿ ಹೊಸ ಅರ್ಜಿ ಹಾಕಿದರೆ ನೌಕರ ಅಲ್ಲಿಗೆ ಸೇರಬಹುದಾದರೂ, ಕೆಲಸ ಹೋದವನು ಹೆಚ್ಚೆಂದರೆ 60 ದಿನಗಳೊಳಗೆ ಬೇರೆ ಆಸರೆ ಕಾಣದಿದ್ದರೆ ಮಕ್ಕಳನ್ನು ಶಾಲೆ ಬಿಡಿಸಿ, ಬಾಡಿಗೆ ಮನೆ ಖಾಲಿ ಮಾಡಿ ಹೊರಡಬೇಕಾಗುತ್ತದೆ.

ಶರಣರ ಕಾಯಕತತ್ತ್ವ, ಅಂದರೆ ಸತ್ಯಶುದ್ಧ ದುಡಿಮೆಯೇ ಪೂಜೆಯೆಂಬ ನಂಬಿಕೆ, ದುಡಿಯುವವನನ್ನು ಯಾರ ಸ್ವತ್ತೆಂದೂ ಕಾಣುವುದಿಲ್ಲ. ಹಾಗಿದ್ದರೂ, ಕೆಲಸದ ಒಪ್ಪಂದಕ್ಕೆ ನೌಕರನೇ ಸಹಿ ಹಾಕಿದ್ದಾನೆಂಬ ವಾದ ಹಗುರವಾದುದಲ್ಲ. ಮಾದಪ್ಪನ ಹೆಸರಿನಲ್ಲಿ ದೀಕ್ಷೆ ಪಡೆದು ಕಂಸಾಳೆ ಹಿಡಿಯುವ ದೇವರಗುಡ್ಡನೂ ಕಟ್ಟುಪಾಡಿಗೆ ಒಪ್ಪಿದವನೇ. ಆದರೆ ಆ ಒಪ್ಪಿಗೆ ಅವನನ್ನು ಭಕ್ತರ ಒಕ್ಕಲಿನ ನಡುವೆ ನೆಲೆಗೊಳಿಸುತ್ತದೆ, ಈ ಸಹಿಯಾದರೋ ನೆಲೆಯನ್ನೇ ಸಂಬಳದ ಚೀಟಿಗೆ ಕಟ್ಟಿಹಾಕುತ್ತದೆ, ಇದು ನ್ಯಾಯವೆನಿಸದು. ಮೇಲಾಗಿ, ಕಾಯಂ ವಾಸದ ಪರವಾನಗಿಯಾದ ಗ್ರೀನ್ ಕಾರ್ಡಿನಲ್ಲಿ ಯಾವುದೇ ಒಂದು ದೇಶಕ್ಕೆ ಸಾಮಾನ್ಯವಾಗಿ ಶೇ. 7ರ ಮಿತಿಯಿರುವುದರಿಂದ, ಭಾರತೀಯರು ವರ್ಷಾನುಗಟ್ಟಲೆ ಸರದಿಯಲ್ಲಿದ್ದು, ಅಷ್ಟು ಕಾಲವೂ ವೀಸಾ ನವೀಕರಣಕ್ಕೆ ಮಾಲೀಕನನ್ನೇ ಆಶ್ರಯಿಸಬೇಕಾಗಿದೆ.