ಬೆನ್ನ ಹಿಂದಿನ ಬೆಳಕು

ನಿತ್ಯವೂ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಿಬರಬೇಕೆಂಬ ಸಂಕಲ್ಪ ಮೂಡಿದೊಡನೆ ನಮ್ಮ ಕಾಲು ಅಂಗಡಿಯತ್ತ ನಡೆಯುತ್ತದೆ. ಅಲ್ಲಿ ಕಣ್ಣು ಸೆಳೆಯುವುದೆಲ್ಲ ಮುಂಭಾಗದಲ್ಲೇ ಇರುತ್ತದೆ. ಹ್ಯಾಂಡಲ್ಲಿನ ಬಾಗು, ಬೆರಳಿಗೆ ನಿಲುಕುವ ಗೇರು, ಹದವಾಗಿ ಹಿಡಿಯುವ ಬ್ರೇಕು, ದೂರದವರೆಗೂ ಚಾಚುವ ದೀಪ. ಈ ಆಸೆಯಲ್ಲಿ ದೋಷವೇನಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರು ಸಮತಟ್ಟಾದ ಊರಲ್ಲ. ಒಂದು ದಿಣ್ಣೆ ಇಳಿದರೆ ಹಳೆಯ ಕೆರೆಯಂಗಳ, ಅದನ್ನು ದಾಟಿದರೆ ಮತ್ತೊಂದು ದಿಣ್ಣೆ. ಇಲ್ಲಿ ಗೇರು ವೈಭವವಲ್ಲ, ಮೊಣಕಾಲಿಗೆ ಮಾಡುವ ಉಪಕಾರ. ಹೆಲ್ಮೆಟ್ಟನ್ನು ಕಾನೂನು ಕಡ್ಡಾಯ ಮಾಡಿರುವುದು ಮೋಟಾರು ಸವಾರರಿಗೆ ಮಾತ್ರ. ಆದರೂ ವಿವೇಕಿಗಳು ಕೊಳ್ಳುತ್ತಾರೆ. ಎಲ್ಲವನ್ನೂ ಆರಿಸಿ, ಚೌಕಾಸಿಯೂ ಮುಗಿದ ಮೇಲೆ ಅಂಗಡಿಯವರು ಕೇಳುತ್ತಾರೆ: ‘ಹಿಂದಕ್ಕೊಂದು ಕೆಂಪು ಲೈಟು ಹಾಕ್ಲಾ ಸಾರ್?’ ನಮ್ಮ ಉತ್ತರ ಬಹುಪಾಲು ಒಂದೇ: ‘ಆಮೇಲೆ ನೋಡೋಣ.’

ಈ ಮಾತು ಜಿಪುಣತನದಿಂದ ಹುಟ್ಟಿದ್ದಲ್ಲ. ಮುಂದಿನ ದೀಪ ನಮಗೆ ದಾರಿ ತೋರುತ್ತದೆ. ಅದರ ಪ್ರಯೋಜನ ಪ್ರತ್ಯಕ್ಷ. ಹಿಂದಿನ ದೀಪ ನಮ್ಮನ್ನು ಇತರರಿಗೆ ತೋರುತ್ತದೆ. ಅದರ ಪ್ರಯೋಜನ ಪರೋಕ್ಷ. ಕಂಡದ್ದಕ್ಕೆ ಹಣ ಕೊಡಲು ಮನಸ್ಸು ಒಪ್ಪುತ್ತದೆ, ಕಾಣದ್ದಕ್ಕೆ ತಡೆಯುತ್ತದೆ. ಸವಾರ ಸೀಟಿನ ಮೇಲೆ ಕುಳಿತಿರುವಷ್ಟು ಹೊತ್ತು ತನ್ನ ಹಿಂದಿನ ದೀಪವನ್ನು ನೋಡಲಾರ. ಅದು ಉರಿಯುತ್ತಿದೆಯೋ ಆರಿದೆಯೋ ತಿಳಿಯಲಾರ. ಟಯರಿಗೆ ಉಜ್ಜಿಕೊಂಡು ಗುಂಯ್‌ಗುಡುವ ಡೈನಮೋಗಳಿದ್ದ ಕಾಲದಲ್ಲಿ ಹಿಂದಿನ ಪುಟ್ಟ ಬಲ್ಬು ಸುಟ್ಟುಹೋಗಿ ತಿಂಗಳುಗಳೇ ಕಳೆದರೂ ಸವಾರನಿಗೆ ಸುಳಿವಿರುತ್ತಿರಲಿಲ್ಲ. ಎಷ್ಟೋ ಡೈನಮೋಗಳಲ್ಲಿ ಚಕ್ರ ನಿಂತರೆ ಬೆಳಕೂ ನಿಲ್ಲುತ್ತಿತ್ತು. ಹಿಂದಿನವರ ಕಣ್ಣಿಗೆ ಬೀಳಬೇಕಾದ ಗಳಿಗೆಯಲ್ಲೇ ಸೈಕಲ್ ಕತ್ತಲಲ್ಲಿ ಕರಗಿಬಿಡುತ್ತಿತ್ತು.

ತನ್ನ ಬೆನ್ನು ತನಗೆ ಕಾಣದು ಎಂಬ ಮಾತನ್ನು ನಾವು ಸಾಮಾನ್ಯವಾಗಿ ಬಳಸುವುದು ಇನ್ನೊಬ್ಬರ ಲೋಪವನ್ನು ಹೇಳುವಾಗ. ಅದನ್ನು ಲೋಪವೆಂದು ಎಣಿಸದೆ, ನಮ್ಮೆಲ್ಲರ ಸ್ಥಿತಿಯೆಂದು ಒಪ್ಪಿದರೆ ಅರ್ಥ ತುಸು ಮೃದುವಾಗುತ್ತದೆ. ದೇಹದ ಅರ್ಧಭಾಗ ನಮ್ಮ ದೃಷ್ಟಿಗೆ ನಿಲುಕದೆ ಉಳಿದಿದೆ. ಅದನ್ನು ಕಾಣುವ ಅಧಿಕಾರ ಸದಾ ಅನ್ಯರದು. ರಸ್ತೆಯಲ್ಲಿ ನಾವು ನಮ್ಮ ಜಾಗರೂಕತೆಯಿಂದಲೇ ಸುರಕ್ಷಿತರು ಎಂದು ಭಾವಿಸುತ್ತೇವೆ. ಅದು ಅರ್ಧ ಸತ್ಯ. ಉಳಿದರ್ಧ, ಹೆಸರು ಗೊತ್ತಿಲ್ಲದ, ಮುಖ ಕಾಣದ, ಮತ್ತೆಂದೂ ಭೇಟಿಯಾಗದ ಯಾರದೋ ಅವಧಾನದಲ್ಲಿದೆ. ನಮ್ಮೂರುಗಳಲ್ಲಿ ಇದಕ್ಕೆ ಪುರಾವೆ ಪ್ರತಿದಿನ ಸಿಗುತ್ತದೆ. ಸ್ಕೂಟರಿನ ಸೈಡ್ ಸ್ಟ್ಯಾಂಡ್ ಮಡಚದೆ ಹೊರಟವರನ್ನು ಪಕ್ಕದಲ್ಲಿ ಹೋಗುವವರು ಕೂಗಿ ಎಚ್ಚರಿಸುತ್ತಾರೆ. ಸೆರಗು ಚಕ್ರದ ಹತ್ತಿರ ಇಳಿಬಿದ್ದಿದ್ದರೆ ‘ಅಮ್ಮಾ, ಸೆರಗು!’ ಎಂಬ ಕೂಗು ಎಲ್ಲಿಂದಲೋ ತೂರಿಬರುತ್ತದೆ. ಕೂಗಿದವರು ಧನ್ಯವಾದಕ್ಕೆ ಕಾಯುವುದಿಲ್ಲ. ಜನ ಕೆಟ್ಟುಹೋದರು ಎಂದು ನಾವು ಆಗಾಗ ನಿಟ್ಟುಸಿರು ಬಿಡುವುದುಂಟು. ಆ ನಿಟ್ಟುಸಿರಿನ ಹೊತ್ತಿಗೆ ಈ ಕೂಗು ನೆನಪಾಗುವುದಿಲ್ಲ.

ದೀಪಕ್ಕಾದರೂ ಬ್ಯಾಟರಿ ಬೇಕು. ಅದಕ್ಕಿಂತ ಸೂಕ್ಷ್ಮವಾದದ್ದು ಮಡ್‌ಗಾರ್ಡಿನ ತುದಿಯಲ್ಲೋ ಸೀಟಿನ ಕೆಳಗೋ ಇರುವ ಕೆಂಪು ರಿಫ್ಲೆಕ್ಟರ್. ಅದರ ಗುಣಮಟ್ಟಕ್ಕಾಗಿಯೇ ಕೇಂದ್ರ ಸರ್ಕಾರ 2020ರಲ್ಲಿ ಪ್ರತ್ಯೇಕ ಆದೇಶ ಹೊರಡಿಸಿತು. ನಾವು ಮಾತ್ರ ಅದನ್ನು ಅಲಂಕಾರವೆಂದು ತಿಳಿದು ಮರೆಯುತ್ತೇವೆ. ಹತ್ತಿರದಿಂದ ನೋಡಿದರೆ ಆ ಪ್ಲಾಸ್ಟಿಕ್ಕಿನ ಒಳಗೆ ಸಾಲುಸಾಲಾಗಿ ಪುಟ್ಟ ಮೂಲೆಗಳು. ಒಂದೊಂದು ಮೂಲೆಯಲ್ಲೂ ಪರಸ್ಪರ ಲಂಬವಾಗಿ ಕೂಡಿದ ಮೂರು ಮುಖಗಳು. ಬೆಳಕು ಮೂರನ್ನೂ ತಾಗಿ, ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಕನ್ನಡಿ ಬೆಳಕನ್ನು ಬೇರೆಡೆಗೆ ಅಟ್ಟುತ್ತದೆ. ಬಿಳಿಗೋಡೆ ಎಲ್ಲೆಡೆಗೂ ಚೆಲ್ಲುತ್ತದೆ. ಇದು ಮಾತ್ರ ಕೊಟ್ಟವನಿಗೇ ಮರಳಿಸುತ್ತದೆ. ಹಾಗಾಗಿ ಪಕ್ಕದ ಫುಟ್‌ಪಾತಿನ ಮೇಲೆ ನಡೆಯುವವರಿಗೆ ರಿಫ್ಲೆಕ್ಟರ್ ಮಂಕಾಗಿಯೇ ತೋರುತ್ತದೆ. ಹಿಂದಿನಿಂದ ದೀಪ ಹಿಡಿದು ಬರುವವನಿಗೆ ಮಾತ್ರ ಅದು ಕೆಂಡದಂತೆ ಜ್ವಲಿಸುತ್ತದೆ. ಅದರಲ್ಲಿ ಸ್ವಂತದ ಬೆಳಕಿಲ್ಲ. ಸ್ವೀಕರಿಸಿದ ಬೆಳಕನ್ನು ಇಟ್ಟುಕೊಳ್ಳುವ ಲೋಭವೂ ಇಲ್ಲ.

ಇದರಲ್ಲೊಂದು ಸ್ವಾರಸ್ಯವಿದೆ. ಆ ಮೂಲೆಗಳು ಗಣಿತದ ಲೆಕ್ಕಕ್ಕೆ ಪರಿಪೂರ್ಣವಾಗಿದ್ದರೆ ಬೆಳಕು ಹೊರಟಲ್ಲಿಗೇ, ಅಂದರೆ ವಾಹನದ ದೀಪಕ್ಕೇ ಹಿಂದಿರುಗುತ್ತಿತ್ತು. ಚಾಲಕನ ಕಣ್ಣಿರುವುದು ದೀಪಕ್ಕಿಂತ ಸ್ವಲ್ಪ ಮೇಲೆ. ಅವನಿಗೆ ಏನೂ ಕಾಣುತ್ತಿರಲಿಲ್ಲ. ಅದಕ್ಕಾಗಿ, ಮರಳುವ ಬೆಳಕು ಕಿಂಚಿತ್ ಹರಡಿಕೊಳ್ಳುವಂತೆ ರಿಫ್ಲೆಕ್ಟರನ್ನು ರೂಪಿಸುತ್ತಾರೆ. ಅತಿ ನಿಖರವಾದದ್ದು ಯಂತ್ರವನ್ನಷ್ಟೇ ತಲುಪುತ್ತದೆ. ಮನುಷ್ಯನ ಕಣ್ಣನ್ನು ಮುಟ್ಟಲು ತುಸು ಶೈಥಿಲ್ಯ ಬೇಕು. ಇದೇ ತತ್ತ್ವದ ಎಂಟು ಪುಟ್ಟ ಸ್ಫಟಿಕಗಳು ಚಂದ್ರನ ಮೇಲೂ ಇವೆ. 2023ರ ಆಗಸ್ಟ್ 23ರಂದು ಇಳಿದ ವಿಕ್ರಮ್ ಲ್ಯಾಂಡರಿನ ಮೇಲೆ ಅವನ್ನು ಕೂರಿಸಲಾಗಿತ್ತು. ಲ್ಯಾಂಡರ್ ನಿದ್ರೆಗೆ ಜಾರಿದ ಮೇಲೆ, ಅದೇ ಡಿಸೆಂಬರಿನಲ್ಲಿ, ಚಂದ್ರನನ್ನು ಸುತ್ತುವ ನಾಸಾದ ನೌಕೆಯೊಂದು ಲೇಸರ್ ಕಿರಣ ಕಳುಹಿಸಿತು, ಕಿರಣ ಮರಳಿಬಂತು. ಬ್ಯಾಟರಿಯ ಹಂಗಿಲ್ಲದ ವಸ್ತುವಿಗೆ ಇಂಥ ದೀರ್ಘಾಯುಷ್ಯ. ಕ್ಯಾರಿಯರಿನ ಕೆಳಗೆ ಕೆಸರು ಮೆತ್ತಿಕೊಂಡು ಕುಳಿತಿರುವ ನಮ್ಮ ಕೆಂಪು ಬಿಲ್ಲೆಗೆ ಅಷ್ಟು ದೂರದ ಬಂಧುವಿದೆ!

ಪೆಡಲುಗಳ ಅಂಚಿನ ಹಳದಿ ಪಟ್ಟಿಗಳ ಕೆಲಸ ಇನ್ನೂ ಮನೋಹರ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್‌ಸನ್ 1973ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕತ್ತಲಲ್ಲಿ ನಡೆಯುವ ವ್ಯಕ್ತಿಯ ಕೀಲುಗಳ ಮೇಲಿನ ಹತ್ತಾರು ಬೆಳಕಿನ ಚುಕ್ಕೆಗಳಷ್ಟೇ ನೋಡುಗರಿಗೆ ಕಾಣುವಂತೆ ಮಾಡಿದ್ದರು. ನಿಂತಾಗ ಅವು ಅರ್ಥವಿಲ್ಲದ ಚುಕ್ಕೆಗಳು. ಚಲಿಸಿದೊಡನೆ ನೋಡುಗರು ಮನುಷ್ಯನನ್ನು ಗುರುತಿಸಿದರು. ಸೈಕಲ್ಲಿನ ಎರಡು ಹಳದಿ ಬಿಂದುಗಳು ಒಂದರ ನಂತರ ಒಂದು ಮೇಲೇರಿ ಕೆಳಗಿಳಿಯುವಾಗ ಹಿಂದಿನ ಚಾಲಕನಿಗೆ ತಿಳಿಯುವುದು ಇದೇ. ಕೆಂಪು ಬೆಳಕು ‘ಇಲ್ಲಿ ಏನೋ ಇದೆ’ ಎನ್ನುತ್ತದೆ. ಹಳದಿ ಬಿಂದುಗಳು ‘ಇಲ್ಲಿ ಯಾರೋ ಇದ್ದಾರೆ’ ಎನ್ನುತ್ತವೆ. ಏನೋ ಇದ್ದರೆ ನಾವು ಪಕ್ಕಕ್ಕೆ ಸರಿಯುತ್ತೇವೆ. ಯಾರೋ ಇದ್ದರೆ ವೇಗವನ್ನೂ ತಗ್ಗಿಸುತ್ತೇವೆ. ರಸ್ತೆಯ ಮೇಲೆ ನಮ್ಮೆಲ್ಲರ ಕೊರತೆ ಬಹುಶಃ ಇಲ್ಲೇ ಇದೆ. ಗಾಜಿನ ಒಳಗೆ ಕುಳಿತಾಗ ಹೊರಗಿನವರು ನಮಗೆ ಅಡ್ಡಿಯಾಗಿ ತೋರುತ್ತಾರೆ. ಸೈಕಲ್ ಏರಿದಾಗ ಹಿಂದಿನವರು ಭಯವಾಗಿ ತೋರುತ್ತಾರೆ. ಎರಡೂ ಸಲ ನಮಗೆ ಕಾಣದೆ ಉಳಿಯುವುದು ಮನುಷ್ಯರೇ.

ಹಿಂಭಾಗದ ಇನ್ನೊಂದು ಪರಿಕರ ಮಡ್‌ಗಾರ್ಡ್. ಇಂದಿನ ಹಲವು ಚುರುಕು ಸೈಕಲ್ಲುಗಳು ಅದಿಲ್ಲದೆಯೇ ಬರುತ್ತವೆ, ನೋಟಕ್ಕೆ ಹಗುರವಾಗಿರಲೆಂದು. ಮೊದಲ ಮಳೆಗೆ ಅಂಗಿಯ ಬೆನ್ನ ಮೇಲೆ ಉದ್ದನೆಯ ಕೆಸರಿನ ಗೆರೆ ಮೂಡುತ್ತದೆ; ಅದನ್ನೂ ಮೊದಲು ಕಾಣುವವರು ಕಚೇರಿಯ ಗೆಳೆಯರು. ಮೇ ತಿಂಗಳಿನಿಂದ ಅಕ್ಟೋಬರ್ ತನಕ ಮಳೆ ಸುರಿಯುವ ಊರಿನಲ್ಲಿ ಮಡ್‌ಗಾರ್ಡ್ ಬೇಡವೆನ್ನುವುದು ಅಂಗಡಿಯ ಸೌಂದರ್ಯಪ್ರಜ್ಞೆಯೇ ಹೊರತು ರಸ್ತೆಯದಲ್ಲ.

ಇಷ್ಟೆಲ್ಲ ಆಯ್ಕೆ ಇರುವವರ ಮಾತಾಯಿತು. ನಸುಕಿನಲ್ಲಿ ನಗರವನ್ನು ಎಬ್ಬಿಸುವವರ ಸೈಕಲ್ಲುಗಳು ಬೇರೆ. ಪೇಪರ್ ಹಾಕುವ ಹುಡುಗರು, ಹೂವಿನ ಬುಟ್ಟಿ ಕಟ್ಟಿಕೊಂಡವರು, ರಾತ್ರಿಪಾಳಿ ಮುಗಿಸಿ ಮನೆಗೆ ಮರಳುವ ಕಾವಲುಗಾರರು ಗೇರಿಲ್ಲದ, ಹಲವೊಮ್ಮೆ ದೀಪವೂ ಇಲ್ಲದ ಸೈಕಲ್ ತುಳಿಯುತ್ತಾರೆ. ನಿದ್ದೆ ಹರಿಯದ ವಾಹನಗಳು ಅವರ ಹಿಂದೆ ಬರುತ್ತಿರುತ್ತವೆ. ಮಂಡ್ಯದ ಕಡೆ ಕಬ್ಬಿನ ಗಾಡಿ, ಟ್ರ್ಯಾಕ್ಟರುಗಳ ಹಿಂಭಾಗಕ್ಕೆ ಪೊಲೀಸರೇ ನಿಂತು ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸುವುದುಂಟು. ಗಾಡಿ ಯಾರದು ಎಂಬ ವಿಚಾರಣೆ ಅಲ್ಲಿಲ್ಲ. ಹಿಂದಿನಿಂದ ಬರುವವನಿಗೆ ಕಾಣಬೇಕು, ಅಷ್ಟೇ. ಅದೇ ಪಟ್ಟಿ ಸೈಕಲ್ಲಿನ ಮಡ್‌ಗಾರ್ಡಿಗೂ ಅಂಟುತ್ತದೆ. ಅದರ ತುಂಡಿಗೆ ಒಂದು ಕಾಫಿಯ ಖರ್ಚಿಗಿಂತ ಹೆಚ್ಚೇನೂ ಬೀಳದು.

ಮನೆಗೆ ಹಾಲು ತರುವವರ, ಪೇಪರ್ ಹಾಕುವವರ ಸೈಕಲ್ಲಿನ ಹಿಂಭಾಗವನ್ನು ಒಮ್ಮೆ ಗಮನಿಸಿ. ರಿಫ್ಲೆಕ್ಟರ್ ಇದ್ದು ಕೆಸರು ಮುಚ್ಚಿದ್ದರೆ ಒದ್ದೆ ಬಟ್ಟೆ ಸಾಕು. ಇಲ್ಲದಿದ್ದರೆ, ಅವರನ್ನು ಕೇಳಿ, ಒಂದು ಪಟ್ಟಿ ಅಂಟಿಸಿಕೊಡಿ. ನಿಮ್ಮ ಸೈಕಲ್ಲಿನ ಹಿಂದಿನ ದೀಪ ಉರಿಯುತ್ತಿದೆಯೇ ಎಂದು ರಸ್ತೆಗೆ ಇಳಿಯುವ ಮುನ್ನ ಅವರನ್ನೇ ಕೇಳಬಹುದು. ಅವರಿಗೆ ಚೆನ್ನಾಗಿ ಕಾಣುತ್ತದೆ.