ಹೊಸದೆಂಬ ಹೆಸರಿನ ಬೆಲೆ

2024ನೇ ಇಸವಿಯ ಸೆಪ್ಟೆಂಬರಿನಲ್ಲಿ ಐಫೋನ್ 16 ನಮ್ಮ ದೇಶದಲ್ಲಿ 79,900 ರೂಪಾಯಿಯಿಂದ ಆರಂಭವಾಗುವ ಬೆಲೆಗೆ ಬಂದಿತು. ಮೊದಲು ಬಂದಾಗ ಕಂಪೆನಿಯು ಅದೇ ಬೆಲೆ ಕಟ್ಟಿದ್ದ ಐಫೋನ್ 15 ಕೂಡಲೇ 69,900ಕ್ಕೆ ಇಳಿಯಿತು. ಆ ಯಂತ್ರವು ಒಂದೇ ದಿನದಲ್ಲಿ ಸವೆಯಿತೋ? ಮಾತು ತಲುಪಿಸುವದನ್ನೂ ಚಿತ್ರ ತೆಗೆಯುವದನ್ನೂ ಮರೆಯಿತೋ? ಇಲ್ಲ, ಅದು ಕಳಕೊಂಡದ್ದು ಹೊಸದೆಂಬ ಹೆಸರನ್ನು ಮಾತ್ರ.

ನಮ್ಮ ಹಳ್ಳಿಯವರಲ್ಲಿ ಅನೇಕರಿಗೆ ಇವು ದೂರದ ಬೆಲೆಗಳಾದರೂ ಶೋಧನೆಯು ಒಂದೇ. ಆ ಹೆಸರಿಗೋಸ್ಕರ ಸಾಲಮಾಡಿ ಕಂತು ಕಟ್ಟುವವನು ನೆರೆಯವರ ಕಣ್ಣಿಗೆ ದಾಸನಾಗುತ್ತಾನೆ. ಆದರೆ ಹಳೆಯದನ್ನು ಕೊಂಡು, ನಾನೇ ಮಿತವ್ಯಯಿ ಎಂದು ಕೊಚ್ಚಿಕೊಳ್ಳುವವನೂ ಅದೇ ಕಣ್ಣಿಗೆ ದಾಸನಲ್ಲವೇ? ಉಳಿದ ಹಣವು ಯಾರ ಹಸಿವನ್ನು ನೀಗಿಸಿತು, ಯಾವ ಮಗುವಿಗೆ ಪುಸ್ತಕವಾಯಿತು? ಕರ್ತನು ನಮ್ಮಿಂದ ಕೇಳುವ ಲೆಕ್ಕವು ಇದೇ.