ಯಾರ ಕಡೆಯಿಂದ ಬಂತು?

ನಿಪ್ಪಾಣಿ ಸೀಮೆಯ ಭೋಜದಲ್ಲಿ ವೇದಗಂಗೆ ಮತ್ತು ದೂಧಗಂಗೆ ಕೂಡುತ್ತವೆ. ಕೂಡಿದ ಮೇಲೆ ಯಾವ ನೀರು ಎಲ್ಲಿಯದೆಂದು ಯಾರೂ ಕೇಳುವುದಿಲ್ಲ. ಆದರೆ ಆ ಊರಿನ ನಮ್ಮ ಬಂಧುಗಳ ಮನೆಯಲ್ಲಿ ಹುಡುಗನೊಬ್ಬನಿಗೆ ಹೃದಯದ ಸ್ನಾಯುರೋಗವಿದೆ, ಅದು ವಂಶದಿಂದ ಬಂದದ್ದು ಎಂದು ಡಾಕ್ಟರು ಹೇಳಿದಾಗ ಎಲ್ಲರೂ ಮೊದಲು ಕೇಳಿದ್ದು, 'ಯಾರ ಕಡೆಯಿಂದ ಬಂತು?' ಎಂದೇ. ಕೇಳುವಾಗ ಎಲ್ಲರ ಕಣ್ಣು ಸೊಸೆಯ ಮೇಲಿತ್ತು. ನಾವೂ ಅತ್ತಲೇ ನೋಡಿದೆವು.

ಈ ರೋಗದಲ್ಲಿ ಹೃದಯದ ಗೋಡೆ ಅತಿಯಾಗಿ ದಪ್ಪವಾಗುತ್ತದೆ, ಇಲ್ಲವೆ ಹೃದಯ ಹಿಗ್ಗಿ ಸೋಲುತ್ತದೆ. ಕೆಲವೊಮ್ಮೆ ಮಗು ಆಟದ ನಡುವೆ ಕುಸಿಯುವವರೆಗೂ ಸುಳಿವೇ ಸಿಗದು. ದಪ್ಪವಾಗುವ ಬಗೆಯಲ್ಲಿ ಸಾಮಾನ್ಯವಾಗಿ ತಂದೆ ಅಥವಾ ತಾಯಿ, ಒಬ್ಬರಿಂದ ದೋಷ ಬಂದರೂ ಸಾಕು. ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಇದರಲ್ಲಿ ತಾಯಿಯ ಪಾಲು ಹೆಚ್ಚು, ತಂದೆಯದು ಕಡಿಮೆ ಎಂಬುದಿಲ್ಲ.

ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಸಂಶೋಧನೆ ಇನ್ನೊಂದು ಮಾತು ಹೇಳಿತು. ಹೃದಯಸ್ನಾಯುವಿನ ಒಂದು ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋದ ದೋಷ ನಮ್ಮ ಉಪಖಂಡದ ಸುಮಾರು 4 ಶೇಕಡಾ ಜನರಲ್ಲಿದೆ. ಅದು ಸಾವಿರಾರು ವರ್ಷ ಹಳೆಯದು, ಒಂದು ಜಾತಿಯ ಆಸ್ತಿಯಲ್ಲ. ಹೆಚ್ಚಿನವರಿಗೆ ನಡುವಯಸ್ಸಿನವರೆಗೆ ಏನೂ ಕಾಣದು. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಗುವಿನ ಹೃದಯ ಎಳವೆಯಲ್ಲೇ ಸೋಲಬಹುದು. ಅಕ್ಕನ ಮಗಳನ್ನು ತರುವವರೂ ಚಿಕ್ಕಪ್ಪನ ಮಗಳನ್ನು ತರುವವರೂ ಇದನ್ನು ಯೋಚಿಸಬೇಕಲ್ಲವೆ?

ಆ ಹುಡುಗನಿಗೊಬ್ಬ ತಂಗಿ. ಅವಳಿಗೂ ಇಸಿಜಿ, ಎಕೋ ಮಾಡಿಸಿ ಎಂದರು ಡಾಕ್ಟರು. ಈಗ ಸರಿಯಿದ್ದರೂ ಬೆಳೆಯುವ ವಯಸ್ಸಿನಲ್ಲಿ ಮತ್ತೆ ಮತ್ತೆ ನೋಡಬೇಕೆಂದೂ ಹೇಳಿದರು. 'ಹೆಣ್ಣುಮಗು, ಸುದ್ದಿ ಹರಡಿದರೆ ನಾಳೆ ನಿಕಾಹ್ ಆದೀತೆ?' ಎಂದರು ಹಿರಿಯರು. ನಾವು ಸುಮ್ಮನಿದ್ದೆವು. ಆ ಮೌನವನ್ನು ಮರ್ಯಾದೆ ಎಂದುಕೊಂಡಿದ್ದೆವು.

ಊರಿಗೆಲ್ಲ ಸಾರಬೇಕೆಂದು ನಾವು ಹೇಳುತ್ತಿಲ್ಲ. ಮಗುವಿನ ಗುಟ್ಟು ಮಗುವಿನದು. ಆದರೆ ಯಾರ ಪ್ರಾಣ ಆ ಗುಟ್ಟಿಗೆ ಅಂಟಿಕೊಂಡಿದೆಯೋ ಅವರಿಂದ ಮುಚ್ಚಿಡುವ ಹಕ್ಕು ನಮಗಿಲ್ಲ. ಬೇಗ ತಿಳಿದರೆ ಔಷಧವಿದೆ, ಯಾವ ಆಟ ಆಡಬಹುದೆಂಬ ಸಲಹೆಯಿದೆ, ಬೇಕಾದವರಿಗೆ ಎದೆಯೊಳಗೆ ಇಡುವ ಯಂತ್ರವೂ ಇದೆ. ತಿಳಿಯದಿದ್ದರೆ ಇವೆಲ್ಲ ಇದ್ದೂ ಇಲ್ಲದಂತೆ.

ರಕ್ತದಲ್ಲಿ ಬಂದದ್ದು ಯಾರ ತಪ್ಪೂ ಅಲ್ಲ. ತಿಳಿದೂ ಮುಚ್ಚಿಟ್ಟದ್ದು ಮಾತ್ರ ನಮ್ಮ ತಪ್ಪು. ಕೊನೆಗೂ ಆ ಸೊಸೆಯೇ ಮಗಳ ಕೈಹಿಡಿದು ಬೆಳಗಾವಿಯ ಬಸ್ಸು ಹತ್ತಿದಳು. 'ಯಾರ ಕಡೆಯಿಂದ ಬಂತು' ಎಂದು ಅವಳು ಕೇಳಲಿಲ್ಲ. 'ಇನ್ನು ಯಾರಿಗಿದೆ' ಎಂದು ಕೇಳಿದಳು. ನಾವು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಅದು.